ಉಪ್ಪರಿಗೆಯ ನೆಲ

ತಲೆಯ ಮೇಲಿನ ಮಾಡಿನ ವಿಚಾರವಾಗಿ ಮನುಷ್ಯನು ವರ್ಷಕ್ಕೊಮ್ಮೆಯಾದರೂ ಚಿಂತಿಸುತ್ತಾನೆ. ಮಳೆಗಾಲವು ಆ ಚಿಂತೆಯನ್ನು ತಾನಾಗಿಯೇ ತಂದುಕೊಡುತ್ತದೆ. ಕಾಲಕೆಳಗಿನ ನೆಲದ ವಿಚಾರ ಹಾಗಲ್ಲ. ಎಡವಿದ ಹೊರತು ಅದರ ನೆನಪು ಯಾರಿಗೂ ಬರುವುದಿಲ್ಲ. ಎಡವಿದಾಗಲೂ ನೆಲವನ್ನು ಬೈದು ಮುಂದೆ ಹೋಗುತ್ತೇವೆಯೇ ವಿನಾ ಬಗ್ಗಿ ನೋಡುವುದಿಲ್ಲ. ನಾನೂ ಈ ನಿಯಮಕ್ಕೆ ಹೊರತಾದವನಲ್ಲ. ಕನ್ನಡದಲ್ಲಿ ಎಂ.ಎ. ಮುಗಿಸಿ ಮೂಡಬಿದಿರೆಯಲ್ಲಿ ಅಧ್ಯಾಪಕನಾಗಿರುವ ನನಗೆ ಹಳಗನ್ನಡದ ಪದ್ಯವೊಂದನ್ನು ಪದಪದವಾಗಿ ಬಿಡಿಸಿ, ಅನ್ವಯಿಸಿ, ಮತ್ತೆ ಜೋಡಿಸುವ ವಿದ್ಯೆ ಒಂದಿಷ್ಟು ಬರುತ್ತದೆ. ಆದರೆ ನಮ್ಮದೇ ಮನೆಯ ಉಪ್ಪರಿಗೆಯ ಹಲಗೆಯೊಂದನ್ನು ಬಿಡಿಸಿ ಅದರಡಿಯಲ್ಲಿ ಏನಿದೆಯೆಂದು ನೋಡುವ ಬುದ್ಧಿ ಮೂವತ್ತು ದಾಟಿದ ಮೇಲೂ ಬಂದಿರಲಿಲ್ಲ. ಅದು ಬಂದ ಬಗೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಮ್ಮ ಮನೆ ಇರುವುದು ಬಂಟ್ವಾಳದ ಹಳೆಯ ಪೇಟೆಯಲ್ಲಿ, ನೇತ್ರಾವತಿಗೆ ಕೂಗಳತೆಯ ದೂರದಲ್ಲಿ. ಅಜ್ಜ ಕಟ್ಟಿಸಿದ ಮನೆ. ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ನಡುವೆ ಮರದ ಉಪ್ಪರಿಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ನಮ್ಮ ಜಿಲ್ಲೆಯಲ್ಲಿ ಹಬ್ಬಿದ ಮನೆಗಳ ಮಾದರಿಯೇ ಇದು. ಉಪ್ಪರಿಗೆಯ ಕೋಣೆ ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂಬತ್ತು ಬೋಗಿಮರದ ಜಂತಿಗಳು. ಅವುಗಳ ಮೇಲೆ ಹೆಬ್ಬಲಸಿನ ಹಲಗೆಗಳು. ಮೇಲೆ ನಡೆಯುವವರಿಗೆ ಅದು ನೆಲ. ಕೆಳಗೆ ಅಡುಗೆ ಮಾಡುವವರಿಗೆ ಅದೇ ಮುಚ್ಚಿಗೆ.

ನದಿಯ ದಡದ ಊರಿನಲ್ಲಿ ಉಪ್ಪರಿಗೆಯೆಂಬುದು ಶೋಕಿಯ ವಸ್ತುವಲ್ಲ. ಘಟ್ಟದಿಂದ ಇಳಿದುಬರುವ ನೇತ್ರಾವತಿಗೆ ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಕೂಡುತ್ತದೆ. ಎರಡೂ ಹೊಳೆಗಳ ನೀರನ್ನು ಒಟ್ಟಿಗೆ ತಾಳಿಕೊಳ್ಳಬೇಕಾದ ಸರದಿ ಬಂಟ್ವಾಳದ್ದು. 1923ರ ನೆರೆಯನ್ನು ಹಿರಿಯರು ತುಳುವಿನಲ್ಲಿ ‘ಮಾರಿ ಬೊಳ್ಳ’ ಎಂದು ಕರೆಯುತ್ತಿದ್ದರು. ಅದು ಕೇಳಿದ ಕಥೆ. 1974ರ ಜುಲೈ ತಿಂಗಳ ನೆರೆಯಾದರೋ ನಮ್ಮ ತಂದೆಯವರು ಕಣ್ಣಾರೆ ಕಂಡದ್ದು. ಆ ರಾತ್ರಿ ನಮ್ಮ ಉಪ್ಪರಿಗೆಯಲ್ಲಿ ನೆರೆಕರೆಯವರೂ ಸೇರಿ ಇಪ್ಪತ್ತಮೂರು ಮಂದಿ, ಮೂರು ಮುಡಿ ಅಕ್ಕಿ ಮತ್ತು ಒಂದು ಕರು ಬೆಳಗು ಮಾಡಿದ್ದವಂತೆ. “ಮೆಟ್ಟಿಲ ಮೇಲೆ ನೀರು ಏರುವ ಸದ್ದು ಕೇಳುತ್ತಿತ್ತು, ಹಲಗೆಯದು ಒಂದು ಸದ್ದೂ ಇಲ್ಲ” ಎಂದು ತಂದೆಯವರು ಹೇಳುತ್ತಿದ್ದರು. ಅವರು ಹೋಗಿ ವರ್ಷಗಳಾದವು. ಆ ಮಾತು ಅಮ್ಮನಲ್ಲಿ ಉಳಿದಿದೆ. 2019ರ ಆಗಸ್ಟಿನಲ್ಲಿ ನೀರು ಜಗಲಿಗೆ ಬಂದಾಗಲೂ ಅವರು ಮನೆ ಬಿಟ್ಟು ಕದಲಲಿಲ್ಲ. “ಉಪ್ಪರಿಗೆ ಉಂಟಲ್ಲ” ಎಂದರು.

ಹೀಗಿದ್ದ ಉಪ್ಪರಿಗೆಯ ನೆಲ ಬರಬರುತ್ತ ಕೆಟ್ಟಿತು. ಹಲಗೆಗಳು ಬಾಗಿ ಅಂಚುಗಳೆದ್ದವು, ಸಂದುಗಳು ಅಗಲವಾದವು. ಅಮ್ಮನ ಊರುಗೋಲು ಸಂದಿನಲ್ಲಿ ಸಿಕ್ಕಿಕೊಳ್ಳುವುದು, ಮೇಲೆ ಯಾರಾದರೂ ನಡೆದರೆ ಕೆಳಗೆ ಬಡಿಸಿದ ಅನ್ನದ ಮೇಲೆ ಧೂಳು ಉದುರುವುದು ನಿತ್ಯದ ಮಾತಾಯಿತು. 2022ರ ಬೇಸಿಗೆಯಲ್ಲಿ ನಾನು ಜೀರ್ಣೋದ್ಧಾರದ ಸಂಕಲ್ಪ ಮಾಡಿದೆ. ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದು ಕೈಯಲ್ಲಿ ನಾಲ್ಕು ದಿನಗಳಿದ್ದವು. ನಾಲ್ಕು ದಿನಗಳಲ್ಲಿ ಮುಗಿಯುವ ಉಪಾಯವೇ ನನಗೆ ಉತ್ತಮ ಉಪಾಯವಾಗಿ ಕಂಡಿತು.

“ಹಲಗೆ ಎಬ್ಬಿಸಿ ನೋಡದೆ ಮುಚ್ಚಬೇಡ ಮಗಾ” ಎಂದರು ಅಮ್ಮ.

“ಎಬ್ಬಿಸಿದರೆ ಒಂದು ತಿಂಗಳ ಕೆಲಸವಮ್ಮ” ಎಂದೆ.

ಪೇಟೆಯಿಂದ ತೆಳ್ಳಗಿನ ಪ್ಲೈವುಡ್ ಹಾಳೆಗಳು ಬಂದವು. ಅಗ್ಗದ್ದನ್ನೇ ಆರಿಸಿದವನು ನಾನು. ಹಾಳೆಯ ಮೇಲೆ ಯಾವ ಮುದ್ರೆಯಿದೆಯೆಂದು ನೋಡದವನೂ ನಾನೇ. ಕೆಲಸದವರು ಬೆಳಗ್ಗೆ ಬಂದು ಬಾಗಿದ ಹಲಗೆಗಳ ಮೇಲೆಯೇ ಹಾಳೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ, ಮೊಳೆ ಹೊಡೆದು, ಅದರ ಮೇಲೆ ಹೊಳೆಯುವ ವಿನೈಲ್ ಹಾಸನ್ನು ಅಂಟಿಸಿ, ಸಂಜೆಯ ಚಹಾ ಕುಡಿದು ಹೋದರು. ಧೂಳಿಲ್ಲ, ಸಂದಿಲ್ಲ. ಕನ್ನಡಿಯಂಥ ನೆಲ. ನಾನು ಅದರ ನಡುವೆ ನಿಂತು, ಮೊದಲ ಪುಸ್ತಕ ಅಚ್ಚಾದ ಲೇಖಕನ ಮುಖಮುದ್ರೆಯಲ್ಲಿ, “ಇನ್ನು ನೂರು ವರ್ಷಕ್ಕೆ ತೊಂದರೆಯಿಲ್ಲ ಅಮ್ಮ” ಎಂದೆ.

ಜೂನ್ ತಿಂಗಳು ಬಂತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ನಮ್ಮದು. ಆಟಿಯ ಹೊತ್ತಿಗೆ ಹಾಳೆಗಳು ಕೂಡುವ ಅಂಚುಗಳು ಉಬ್ಬಿ, ಕೋಣೆಯ ಉದ್ದಕ್ಕೂ ಗದ್ದೆಯ ಬದುಗಳಂತೆ ಎದ್ದುನಿಂತವು. ಮೊಳೆಗಳ ತಲೆ ವಿನೈಲನ್ನು ಎತ್ತಿಹಿಡಿದವು. ಬಾಗಿಲು ತೆರೆದರೆ ಒದ್ದೆ ಬಟ್ಟೆಯ ವಾಸನೆ. ಅಮ್ಮ ಆಕ್ಷೇಪಿಸಲಿಲ್ಲ. ಕೆಳಗಿನ ಕೋಣೆಯಲ್ಲಿ ಶೀತವೆಂದು ಆ ಮಳೆಗಾಲವೆಲ್ಲ ಅಲ್ಲಿಯೇ ಮಲಗಿದರು. ಬೆಳ್ತಂಗಡಿಯಲ್ಲಿರುವ ಅಣ್ಣ, “ಮಳೆ ಮುಗಿಯುವವರೆಗೆ ನಮ್ಮಲ್ಲಿಗೆ ಬನ್ನಿ” ಎಂದು ಕರೆದಾಗ, “ತಮ್ಮ ಉಪ್ಪರಿಗೆ ಗಟ್ಟಿಮಾಡಿಸಿದ್ದಾನೆ, ಇನ್ನು ಹೆದರಿಕೆ ಎಂತದ್ದು?” ಎಂದು ಹೇಳಿ ಕಳುಹಿಸಿದರಂತೆ.

ದೀಪಾವಳಿಗೆ ಬಂದ ಅಣ್ಣ ಆ ಬದುಗಳನ್ನು ನೋಡಿ ನಕ್ಕ. ಇಡೀ ಮನೆಯನ್ನು ಕೆಡವಿ ಸಿಮೆಂಟಿನದನ್ನು ಕಟ್ಟಬೇಕೆಂಬುದು ಅವನ ಬಹುದಿನಗಳ ವಾದ. ಆದರೂ ಮುಂದಿನ ವಾರವೇ ಪುಂಜಾಲಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಬೆಳ್ತಂಗಡಿ ಕಡೆಯ ವೃದ್ಧ ಆಚಾರ್ರೊಬ್ಬರನ್ನು ಕಳುಹಿಸಿಕೊಟ್ಟ. ಅವರ ಜೊತೆಯಲ್ಲಿ ಅವರ ಮಗನೂ ಬಂದಿದ್ದ.

ಆಚಾರ್ರು ಕೋಣೆಯ ನಡುವೆ ನಿಂತು ಹಿಮ್ಮಡಿಯಿಂದ ಒಮ್ಮೆ ನೆಲವನ್ನು ಗುದ್ದಿ ಕಿವಿಗೊಟ್ಟರು. ನಾಲ್ಕು ಹೆಜ್ಜೆ ಪಶ್ಚಿಮಕ್ಕೆ ನಡೆದು ಮತ್ತೊಮ್ಮೆ ಗುದ್ದಿದರು. ಬಳಿಕ ನನ್ನನ್ನು ನೋಡಿದರು.

“ಮಾಷ್ಟ್ರೇ, ಇದರ ಅಡಿ ನೋಡಿದ್ದೀರಾ?”

“ಇಲ್ಲ ಆಚಾರ್ರೇ.”

“ನೋಡದೆ ಮುಚ್ಚಿದ್ದೀರಾ? ಹುಣ್ಣು ತೊಳೆಯದೆ ಪಟ್ಟಿ ಕಟ್ಟಿದ ಹಾಗೆ ಆಯಿತಲ್ಲ ಮಾರಾಯ್ರೆ!”

ವಿನೈಲ್ ಎದ್ದಿತು, ಪ್ಲೈವುಡ್ ಎದ್ದಿತು. ಅದರ ತಳವೆಲ್ಲ ಬೂಷ್ಟು ಹಿಡಿದು ಕಪ್ಪಾಗಿತ್ತು. ಪಶ್ಚಿಮದ ಗೋಡೆಯ ಬಳಿಯ ಹಲಗೆಗಳನ್ನು ಅವರು ಜಾಗ್ರತೆಯಿಂದ ಬಿಡಿಸಿ, ಜಂತಿ ಗೋಡೆಯೊಳಕ್ಕೆ ಹೋಗುವ ಜಾಗಕ್ಕೆ ಒಂದು ದಬ್ಬಳವನ್ನು ಒತ್ತಿದರು. ಕಬ್ಬಿಣಕ್ಕೆ ಸಮವೆಂದು ನಾವು ನಂಬಿದ್ದ ಮರದೊಳಕ್ಕೆ ಅದು ಬಾಳೆದಿಂಡಿಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಒಂಬತ್ತರಲ್ಲಿ ಮೂರು ಜಂತಿಗಳ ತುದಿಗೆ ಕುಂಬು ಹಿಡಿದಿತ್ತು.

ಕಾರಣವನ್ನು ಆಚಾರ್ರೇ ವಿವರಿಸಿದರು. ನಮ್ಮಲ್ಲಿ ಮಳೆ ಬೀಸುವುದು ನೈರುತ್ಯದಿಂದ. ಆ ಮೂಲೆಯಲ್ಲಿ ಎರಡು ಹಂಚುಗಳು ಸೀಳಿದ್ದವು. ನೀರು ಗೋಡೆಗುಂಟ ಸದ್ದಿಲ್ಲದೆ ಇಳಿಯುತ್ತಿತ್ತು. ಮರವು ತನ್ನ ಪಾರ್ಶ್ವದಿಂದ ನೀರು ಕುಡಿಯುವುದು ನಿಧಾನ. ಕೊಯ್ದ ತುದಿಯಿಂದ ಕುಡಿಯುವುದು ಬಹು ಬೇಗ. ಎಳೆಗಳೆಲ್ಲ ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ. ಮರದಲ್ಲಿ ತೇವಾಂಶವು ಶೇಕಡಾ 20ಕ್ಕಿಂತ ಕಡಿಮೆಯಿರುವವರೆಗೆ ಅದನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ನೆಲೆಯಿಲ್ಲ. ಆಚಾರ್ರ ಮಗ ಎರಡು ಸೂಜಿಗಳಿರುವ ಪುಟ್ಟ ಯಂತ್ರವೊಂದನ್ನು ಚುಚ್ಚಿ ನೋಡಿದ. ಕೋಣೆಯ ನಡುವಿನ ಹಲಗೆಗಳಲ್ಲಿ 15, ಆ ಜಂತಿಗಳ ತುದಿಯಲ್ಲಿ 28.

“ನಿಮ್ಮ ಹಳೇ ನೆಲ ನೋಡಲಿಕ್ಕೆ ಚಂದ ಇರಲಿಲ್ಲ, ಆದರೆ ಉಸಿರು ಬಿಡುತ್ತಿತ್ತು. ಸಂದಿನಲ್ಲಿ ಗಾಳಿ ಹೋಗಿ ಹಲಗೆ ಅಷ್ಟಿಷ್ಟು ಒಣಗುತ್ತಿತ್ತು. ನೀವು ಪ್ಲಾಸ್ಟಿಕ್ ಹೊದೆಸಿ ಅದರ ಮೂಗು ಹಿಡಿದಿರಿ” ಎಂದರು ಆಚಾರ್ರು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಇಪ್ಪತ್ತಮೂರು ಮಂದಿಗೆ ತಲಾ ಐವತ್ತು ಕಿಲೋ ಎಂದರೂ ಹನ್ನೊಂದೂವರೆ ಕ್ವಿಂಟಲ್ ಆಗುತ್ತದೆ. ಅಕ್ಕಿ ಬೇರೆ, ಕರು ಬೇರೆ. ಕಳೆದ ಆಟಿಯಲ್ಲಿ ನೀರು ನಮ್ಮ ಅಂಗಳಕ್ಕೆ ಬಂದಿರಲಿಲ್ಲ. ಅದು ನದಿಯ ಕೃಪೆ. ಬಂದಿದ್ದರೆ ಅಮ್ಮ ಅಕ್ಕಪಕ್ಕದ ಮಕ್ಕಳನ್ನೆಲ್ಲ ಕೈಬೀಸಿ ಮೇಲಕ್ಕೆ ಕರೆಯುತ್ತಿದ್ದರು. ತಮ್ಮ ಗಟ್ಟಿಮಾಡಿಸಿದ್ದಾನೆ ಎನ್ನುತ್ತಿದ್ದರು. ಅಮ್ಮ ನಿಂತಿದ್ದುದು ನನ್ನ ಮಾತಿನ ಮೇಲೆ. ನನ್ನ ಮಾತು ನಿಂತಿದ್ದುದು ಕುಂಬು ಹಿಡಿದ ಜಂತಿಯ ಮೇಲೆ. ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕಳೆಯುವ ನಾನು, ಪ್ರಶ್ನೆಯನ್ನೇ ಓದದೆ ಉತ್ತರ ಬರೆದಿದ್ದೆ.

ಬೆಳಗ್ಗೆ ಅಮ್ಮನ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಚಾರ್ರಿಗೆ ತಿಂಡಿ ಕೊಟ್ಟೆಯಾ?” ಎಂದು ಕೇಳಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ಆಚಾರ್ರು ಕೂಡಲೇ ಕೆಲಸ ಹಿಡಿಯಲಿಲ್ಲ. ಸೀಳಿದ ಹಂಚುಗಳನ್ನು ಬದಲಾಯಿಸಿ, ಜಂತಿಗಳಿಗೆ ತಾತ್ಕಾಲಿಕವಾಗಿ ಕೆಳಗಿನಿಂದ ಊರೆ ಕೊಟ್ಟು, “ಗೋಡೆ ಒಣಗಲಿ, ಮರ ಒಣಗಲಿ, ಫೆಬ್ರವರಿಗೆ ಬರುತ್ತೇನೆ” ಎಂದು ಹೊರಟುನಿಂತರು. ನನ್ನ ಆತುರವನ್ನು ಕಂಡು, “ನಿಮ್ಮ ಮೂಡಬಿದಿರೆಯಲ್ಲಿ ಸಾವಿರ ಕಂಬದ ಬಸದಿ ಉಂಟಲ್ಲ, ಅದನ್ನು ಒಮ್ಮೆ ನೋಡಿ ಬನ್ನಿ” ಎಂದರು.

ಸಿದ್ದಕಟ್ಟೆಯ ದಾರಿಯಾಗಿ ದಿನವೂ ಮೂಡಬಿದಿರೆಗೆ ಹೋಗಿಬರುವ ನಾನು ಆ ಬಸದಿಯನ್ನು ನೂರಾರು ಸಲ ನೋಡಿದ್ದೇನೆ. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯೆಂದು ವಿದ್ಯಾರ್ಥಿಗಳಿಗೆ ಹೇಳಿಯೂ ಇದ್ದೇನೆ. ಈ ಸಲ ಆಚಾರ್ರ ಕಣ್ಣಿನಿಂದ ನೋಡಿದೆ. ನೆಲದ ತೇವ ತಾಗುವಲ್ಲಿ ಕಲ್ಲು, ಮರವೆಲ್ಲ ಮೇಲೆ. ಮಳೆ ಹೊಡೆಯುವಲ್ಲಿ ಇಳಿಜಾರಾದ ಮಾಡುಗಳು ಹೊರಕ್ಕೆ ಚಾಚಿ ನೀರನ್ನು ಗೋಡೆಯಿಂದ ದೂರಕ್ಕೆ ಕೊಂಡೊಯ್ಯುತ್ತವೆ; ಗಾಳಿ ಆಡಲು ಎಲ್ಲೆಲ್ಲೂ ಎಡೆ. ಚೌಟರ ಅರಮನೆಗೂ ಹೋದೆ. ಒಂಬತ್ತು ಸ್ತ್ರೀಯರು ಸೇರಿ ಆನೆಯಾದ ನವನಾರೀಕುಂಜರ, ಐವರು ಸೇರಿ ಕುದುರೆಯಾದ ಪಂಚನಾರೀತುರಗ, ಇವನ್ನು ಮರದಲ್ಲಿ ಕೆತ್ತಿದ ಕೈಗಳನ್ನು ಹೊಗಳದವರಿಲ್ಲ. ಆ ಕೆತ್ತನೆಯ ಮರ ಒದ್ದೆಯಾಗದಂತೆ ಮಾಡನ್ನು ಇಳಿಸಿದ ಕೈಗಳನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಹೊಗಳಿಕೆ ದೊರೆಯದ ಕೆಲಸವೇ ಉಳಿದೆಲ್ಲ ಕೆಲಸವನ್ನೂ ಉಳಿಸುತ್ತದೆ ಎಂಬುದು ಅಲ್ಲಿ ಹೊಳೆಯಿತು.

2023ರ ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಇಂಥ ಉಪ್ಪರಿಗೆಯಿರುವ ವಾಚಕರಿಗೆ ಉಪಯೋಗವಾದೀತೆಂದು ಅದರ ಕ್ರಮವನ್ನು ಹೇಳುತ್ತೇನೆ.

ಮೊದಲು ಜಂತಿ. ಪೂರ್ತಿ ಕೆಟ್ಟ ಒಂದನ್ನು ಬದಲಾಯಿಸಿದರು. ಉಳಿದೆರಡರ ಕೊಳೆತ ತುದಿಯನ್ನು ಗಟ್ಟಿಮರ ಸಿಗುವವರೆಗೆ ಕೊಯ್ದು, ಪಕ್ಕದಲ್ಲಿ ಹೊಸ ಮರವನ್ನು ಜೋಡಿಸಿ ಬೋಲ್ಟು ಬಿಗಿದರು. ಗೋಡೆಯೊಳಕ್ಕೆ ಹೋಗುವ ತುದಿಗಳಿಗೆ ಗೇರೆಣ್ಣೆ ಬಳಿದು, ಸುತ್ತ ಗಾಳಿಯಾಡಲು ತುಸು ಎಡೆ ಬಿಟ್ಟರು. ಬಳಿಕ ಹಲಗೆ. ಪ್ರತಿಯೊಂದನ್ನೂ ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿ, ಟೊಳ್ಳು ಸದ್ದು ಬಂದದ್ದಕ್ಕೆ ಪೆನ್ಸಿಲಿನಿಂದ ಗೀಟು ಹಾಕಿದರು. ಕೆಟ್ಟವು ಹೋದವು, ಸಡಿಲಾದವನ್ನು ಸ್ಕ್ರೂ ಹಾಕಿ ಜಂತಿಗೆ ಬಿಗಿದರು. ಹಲಗೆ ಕಿರುಗುಟ್ಟುವುದು ಅದು ಮೊಳೆಯ ಮೇಲೆ ಏರಿಳಿಯುವುದರಿಂದಲಂತೆ. ಎದ್ದುನಿಂತ ಅಂಚುಗಳನ್ನು ಕೀಸುಳಿಯಿಂದ ಕೀಸಿದರು. ರಸಮಟ್ಟ ಇಟ್ಟು, ತಗ್ಗಿರುವಲ್ಲಿ ತೆಳುಮರದ ಚಕ್ಕೆ ಕೊಟ್ಟರು. ಇಷ್ಟಕ್ಕೆ ಎಂಟು ದಿನ ಹಿಡಿಯಿತು. ಮೇಲೆ ಕಾಣುವ ಕೆಲಸ ಇನ್ನೂ ಒಂದಂಗುಲವೂ ಆಗಿರಲಿಲ್ಲ.

ಇನ್ನು ಪ್ಲೈವುಡ್. ಮರವು ತೇವ ಕುಡಿದಾಗ ಅಗಲಕ್ಕೆ ಹಿಗ್ಗುತ್ತದೆ. ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ. ಆದುದರಿಂದ ಮರವನ್ನು ತೆಳು ಪದರಗಳಾಗಿ ಸುಲಿದು, ಒಂದರ ಎಳೆ ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಬರುವಂತೆ ಅಂಟಿಸಿದರೆ ಒಂದು ಪದರ ಹಿಗ್ಗಹೊರಟಾಗ ನೆರೆಯ ಪದರ ಅದನ್ನು ತಡೆಹಿಡಿಯುತ್ತದೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸವಾಗಿರುತ್ತದೆ. ಈ ತತ್ತ್ವ ಪ್ರಾಚೀನ ಈಜಿಪ್ಟಿನವರಿಗೂ ಗೊತ್ತಿತ್ತು. ಅಲ್ಲಿಯ ಸಮಾಧಿಗಳಲ್ಲಿ ಪದರ ಮರದ ಪೆಟ್ಟಿಗೆ ದೊರೆತಿದೆ. ಅಣ್ಣ ಉತ್ತರಕ್ಕೆ ಎಳೆದರೆ ತಮ್ಮ ಪೂರ್ವಕ್ಕೆ ಎಳೆಯುವ ನಮ್ಮಂಥ ಸಂಸಾರಗಳೂ ಇದೇ ತತ್ತ್ವದ ಮೇಲೆ ನಿಂತಿರಬೇಕು. ಆದರೆ ಎಲ್ಲವೂ ಅಂಟಿನ ಗುಣವನ್ನು ಅವಲಂಬಿಸಿದೆ. ಐ.ಎಸ್. 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನದಂಡ, ಐ.ಎಸ್. 710 ಎಂಬುದು ಮರೈನ್ ಪ್ಲೈವುಡ್ಡಿನದು. ಎರಡನೆಯದರ ಅಂಟು 72 ಗಂಟೆಗಳ ಕಾಲ ಕುದಿಯುವ ನೀರಿನಲ್ಲಿಟ್ಟರೂ ಬಿಡಬಾರದು. ಹಾಳೆಯ ಮೇಲೆ ಈ ಮುದ್ರೆಯನ್ನು ಓದಿಯೇ ಕೊಳ್ಳಬೇಕು. ಎಂ.ಎ. ಓದಿದ ನಾನು ಓದದೆ ಹೋದದ್ದು ಅದೊಂದನ್ನೇ.

ಎಂಟಡಿ ಉದ್ದ, ನಾಲ್ಕಡಿ ಅಗಲ, 12 ಮಿಲಿಮೀಟರ್ ದಪ್ಪದ ಎಂಟು ಹಾಳೆಗಳನ್ನು ತಂದೆವು. ತಂದ ದಿನ ಹಾಸಲಿಲ್ಲ. ನಡುವೆ ಪಟ್ಟಿಗಳನ್ನಿಟ್ಟು ಅದೇ ಕೋಣೆಯಲ್ಲಿ ಮೂರು ದಿನ ಇಟ್ಟರು. “ಹೊಸ ಸೊಸೆಗೆ ಮನೆಯ ಹವೆ ಒಗ್ಗಬೇಕು” ಎಂದರು ಆಚಾರ್ರು. ಬಳಿಕ ಹಾಳೆಯ ಉದ್ದ ಜಂತಿಗಳಿಗೆ ಅಡ್ಡ ಬರುವಂತೆ ಮೂರು ಸಾಲು ಹಾಸಿದರು. ಮೊದಲನೆಯ ಸಾಲು ಇಡೀ ಹಾಳೆಯಿಂದ ಆರಂಭ, ಎರಡನೆಯದು ಅರ್ಧ ಹಾಳೆಯಿಂದ, ಮೂರನೆಯದು ಮತ್ತೆ ಇಡಿಯಿಂದ. ಹೀಗೆ ಮಾಡಿದರೆ ಇಟ್ಟಿಗೆ ಗೋಡೆಯಂತೆ ಸಂದುಗಳು ಒಂದೇ ನೇರಕ್ಕೆ ಬರುವುದಿಲ್ಲ. ಹಾಳೆಯ ಸಂದು ಹಳೆಯ ಹಲಗೆಯ ಸಂದಿನ ಮೇಲೆಯೂ ಬರಬಾರದು. ಹಾಳೆಹಾಳೆಗಳ ನಡುವೆ ಎರಡು ನಾಣ್ಯಗಳನ್ನು ಜೋಡಿಸಿಟ್ಟು, ಸುಮಾರು 3 ಮಿಲಿಮೀಟರ್ ಎಡೆ ಬಿಟ್ಟರು; ಗೋಡೆಯ ಸುತ್ತ ಅರ್ಧ ಅಂಗುಲ. ಮೊಳೆಯ ಬದಲು ಸ್ಕ್ರೂ. ಅಂಚಿನಲ್ಲಿ ಆರು ಅಂಗುಲಕ್ಕೊಂದು, ನಡುವೆ ಹತ್ತು ಅಂಗುಲಕ್ಕೊಂದು, ತಲೆ ಮರದೊಳಕ್ಕೆ ತುಸು ಹುದುಗುವಂತೆ. ನಮ್ಮ ವ್ಯಾಕರಣದಲ್ಲಿ ಎಡೆಯಿಲ್ಲದೆ ಸೇರುವುದೇ ಸಂಧಿ. ಆಚಾರ್ರ ವ್ಯಾಕರಣದಲ್ಲಿ ಸಂದು ಬಿಡದೆ ಸಂಧಿಯಿಲ್ಲ. ಒತ್ತಿ ಕೂರಿಸಿದ ನನ್ನ ಮೊದಲಿನ ಹಾಳೆಗಳು ಹಿಗ್ಗಲು ಜಾಗವಿಲ್ಲದೆ ಮೇಲಕ್ಕೆದ್ದ ರಹಸ್ಯ ಆಗ ತಿಳಿಯಿತು.

ಕಟ್ಟಕಡೆಗೆ ಹೊಸ ನೆಲ. ಬೆಳ್ತಂಗಡಿಯ ಕಡೆ ಯಾರೋ ಕೆಡವಿದ ಹಳೆಯ ಮನೆಯ ತೇಗದ ಹಲಗೆಗಳನ್ನು ಅಣ್ಣ ಕೊಂಡು, ತೆಳುವಾಗಿ ಸೀಳಿಸಿ, ಲಾರಿಯಲ್ಲಿ ಕಳುಹಿಸಿದ್ದ. ಜೊತೆಗೆ ಒಂದು ಚೀಟಿ: ‘ಕೆಡವುವ ಮಾತು ಸದ್ಯಕ್ಕೆ ಬೇಡ.’ ಆ ಹಲಗೆಗಳನ್ನು ಹಾಸಲು ಎರಡೇ ದಿನ ಸಾಕಾದವು. ನೋಡಬಂದ ನೆಂಟರೆಲ್ಲ ತೇಗವನ್ನು ಮುಟ್ಟಿ ಮುಟ್ಟಿ ಮೆಚ್ಚಿದರು. ಆಚಾರ್ರು ಮೂಲೆಯಲ್ಲಿ ಎಲೆಯಡಿಕೆ ಹಾಕುತ್ತ ನಗುತ್ತಿದ್ದರು. ಅವರು ನಗುತ್ತಿದ್ದುದು ಏಕೆಂದು ನನಗೊಬ್ಬನಿಗೆ ಗೊತ್ತಿತ್ತು.

2024ರ ಜುಲೈ ಕೊನೆಯಲ್ಲಿ ನೇತ್ರಾವತಿ ಉಕ್ಕಿ ಬಂತು. ಕಾಲೇಜಿಗೆ ರಜೆಯಿತ್ತು, ನಾನು ಮನೆಯಲ್ಲಿಯೇ ಇದ್ದೆ. ಸಂಜೆಯ ಹೊತ್ತಿಗೆ ಕೆಂಪು ನೀರು ಅಂಗಳದ ತುದಿಯನ್ನು ಮುಟ್ಟಿತು. ಪಕ್ಕದ ಮನೆಯವರು ಮಕ್ಕಳ ಕೈಹಿಡಿದು ನಮ್ಮ ಜಗಲಿಗೆ ಬಂದು ನಿಂತರು. ಮೆಟ್ಟಿಲ ಬುಡದಲ್ಲಿ ಊರುಗೋಲು ಊರಿ ನಿಂತಿದ್ದ ಅಮ್ಮ ಒಮ್ಮೆ ಮಕ್ಕಳನ್ನೂ ಒಮ್ಮೆ ನನ್ನನ್ನೂ ನೋಡಿದರು.

“ಗಟ್ಟಿ ಉಂಟಾ ಮಗಾ?”

ನೂರು ವರ್ಷದ ಮಾತು ಈ ಸಲ ನನ್ನ ಬಾಯಿಗೆ ಬರಲಿಲ್ಲ. “ಒಂಬತ್ತು ಜಂತಿಗಳನ್ನೂ ನಾನೇ ನೋಡಿದ್ದೇನೆ ಅಮ್ಮ” ಎಂದೆ.

“ಹಾಗಾದರೆ ಅಕ್ಕಿ ಚೀಲ ಮೊದಲು ಮೇಲೆ ಕೊಂಡುಹೋಗು” ಎಂದು ಹೇಳಿ, ಅವರು ಕಿರಿಯ ಹುಡುಗಿಯ ಕೈಹಿಡಿದು ಮೆಟ್ಟಿಲು ಹತ್ತತೊಡಗಿದರು.